‘ನಮ್ಮ ಮಾತಿ’ನ ಊರು

ಊರಿಗೊಂದು ಚರಿತ್ರೆ ಇರಬೇಕಾದರೆ ಅಲ್ಲೊಂದು ಕೋಟೆಯೋ, ಕಾದಾಡಿ ಮಡಿದ ರಾಜನೋ ಇರಬೇಕೆಂದು ನಾವು ಭಾವಿಸುತ್ತೇವೆ. ಇವೊಂದೂ ಇಲ್ಲದ ಊರಿಗೂ ಚರಿತ್ರೆಯುಂಟೆಂದು ನನಗೆ ಕಲಿಸಿದ್ದು ಮಿಕೋವಾ. ನಾನು ಅಲ್ಲಿಗೆ ಹೋದವನಲ್ಲ. ಮೇಷ್ಟರ ಸಂಬಳದಲ್ಲಿ ಇಂಥ ಪ್ರಯಾಣಗಳು ಪುಸ್ತಕದ ಬೀರುವಿನಿಂದ ಮೇಜಿನವರೆಗೆ ಮಾತ್ರ. ಆದರೂ ಆ ಊರು ಮನಸ್ಸಿನಲ್ಲಿ ಬಿಡಾರ ಹೂಡಿ ಬಹುಕಾಲವಾಯಿತು.

ಮಿಕೋವಾ ಇರುವುದು ಸ್ಲೋವಾಕಿಯಾದ ಈಶಾನ್ಯ ಮೂಲೆಯಲ್ಲಿ, ಕಾರ್ಪೇಥಿಯನ್ ಪರ್ವತಗಳು ತಮ್ಮ ಬಿಂಕ ಬಿಟ್ಟು ತಗ್ಗಿ ನಿಲ್ಲುವ ಕಡೆ. ಸುತ್ತಲೂ ಬೀಚ್ ಮರಗಳ ಕಾಡು. ಉತ್ತರಕ್ಕೆ ಪೋಲೆಂಡಿನ ಗಡಿಯಾದ ಬೆಟ್ಟಸಾಲು. ಆ ಸಾಲಿನ ಆಚೆ ಬಿದ್ದ ಮಳೆ ವಿಸ್ಟುಲಾ ನದಿ ಸೇರಿ ಬಾಲ್ಟಿಕ್ ಸಮುದ್ರಕ್ಕೆ ಹೋಗುತ್ತದೆ. ಈಚೆ ಬಿದ್ದದ್ದು ಡ್ಯಾನ್ಯೂಬಿನ ಮೂಲಕ ಕಪ್ಪು ಸಮುದ್ರಕ್ಕೆ. ಮೋಡ ಒಂದೇ, ಕಡಲು ಎರಡು! ಇಲ್ಲಿನ ರೂಸಿನ್ ಜನರ ಪಾಡೂ ಹೀಗೆಯೇ. ಆಚೆಯ ಇಳಿಜಾರಿನಲ್ಲಿದ್ದ ಲೆಮ್ಕೊ ಎಂಬ ರೂಸಿನ್ನರನ್ನು ಪೋಲೆಂಡಿನ ಸರ್ಕಾರ 1947ರಲ್ಲಿ ಬೇರುಸಹಿತ ಕಿತ್ತು ದೂರದ ಪ್ರಾಂತಗಳಿಗೆ ಚದುರಿಸಿತು. ಈಚೆಯವರಲ್ಲಿ ಬಹುಪಾಲು ಉಳಿದರು.

ಉಳಿದರೇನು, ನೆಲ ಬಡದು. ಹಿಂದೆ ಜಮೀನ್ದಾರರು ಕೆಲವು ವರ್ಷ ಕಂದಾಯ ಬಿಟ್ಟುಕೊಟ್ಟು, ಕುರಿ ಕಾಯುವವರನ್ನು ಈ ಕಾಡುಗಳಲ್ಲಿ ನೆಲೆಗೊಳಿಸಿದ್ದರು. ಓಟ್ಸ್, ಆಲೂಗೆಡ್ಡೆಗಳಿಂದ ಹೊಟ್ಟೆ ತುಂಬದೆ ಜನ ಸುಗ್ಗಿಯ ಕೂಲಿಗೆ ಹಂಗೇರಿಯ ಬಯಲಿಗೆ ಇಳಿಯುತ್ತಿದ್ದರು. 1880ರ ಸುಮಾರಿನಿಂದ ಪೆನ್ಸಿಲ್ವೇನಿಯಾದ ಗಣಿಗಳೂ ಉಕ್ಕಿನ ಕಾರ್ಖಾನೆಗಳೂ ಅವರನ್ನು ಕರೆದವು. 1914–15ರ ಚಳಿಗಾಲದಲ್ಲಿ ಎರಡು ಸಾಮ್ರಾಜ್ಯಗಳ ಸೈನ್ಯಗಳು ಈ ಗುಡ್ಡಗಳ ಹಿಮದಲ್ಲಿ ಕಾದಾಡಿದವು. 1910ರಲ್ಲಿ ಇಲ್ಲಿ ಹುಟ್ಟಿ ದೀರ್ಘಕಾಲ ಬದುಕಿದವರು ಹೊಸಿಲು ದಾಟದೆಯೇ ಹಂಗೇರಿ, ಚೆಕೊಸ್ಲೊವಾಕಿಯಾ, 1939ರ ಸ್ಲೋವಾಕ್ ರಾಜ್ಯ, ಪುನಃ ಚೆಕೊಸ್ಲೊವಾಕಿಯಾ, 1993ರಿಂದ ಸ್ಲೋವಾಕಿಯಾ ಇಷ್ಟೂ ದೇಶಗಳ ಪ್ರಜೆಯಾದರು.

ಮಿಕೋವಾದಿಂದ ಅಮೆರಿಕಕ್ಕೆ ಹೋದವರಲ್ಲಿ ಆಂದ್ರೇ ವರ್ಹೊಲಾ ಒಬ್ಬ. ಅವನ ಹೆಂಡತಿ ಯೂಲಿಯಾ ಹಿಂದೆ ಉಳಿದು, ಯುದ್ಧವನ್ನು ಕಂಡು, 1921ರಲ್ಲಷ್ಟೇ ಅವನನ್ನು ಸೇರಿಕೊಂಡಳು. 1928ರಲ್ಲಿ ಪಿಟ್ಸ್‌ಬರ್ಗಿನಲ್ಲಿ ಅವರಿಗೆ ಹುಟ್ಟಿದ ಕಿರಿಯ ಮಗನೇ ಚಿತ್ರಕಾರ ಆಂಡಿ ವಾರ್ಹೋಲ್. ಮನೆತನದ ಹೆಸರಿನ ಕೊನೆಯ ಆಕಾರವನ್ನು ಆತ ಬಿಟ್ಟುಬಿಟ್ಟ. ವ್ಯಾಕರಣದಲ್ಲಿ ನಾವು ಇದನ್ನು ಲೋಪವೆನ್ನುತ್ತೇವೆ. ಆದರೆ ಲೋಪವಾದದ್ದು ಹೆಸರಿನಲ್ಲಿ ಮಾತ್ರ. 1952ರಲ್ಲಿ ತಾಯಿ ನ್ಯೂಯಾರ್ಕಿಗೆ ಬಂದು, ಸುಮಾರು ಇಪ್ಪತ್ತು ವರ್ಷ ಮಗನ ಮನೆಯಲ್ಲಿದ್ದಳು. ಇಂಗ್ಲಿಷ್ ಸರಿಯಾಗಿ ಬಾರದ ಆಕೆಯ ಅಂದದ ಕೈಬರಹವೇ ಮಗನ ಎಷ್ಟೋ ಚಿತ್ರಗಳಿಗೆ ಅಕ್ಷರವಾಯಿತು. ಅಡಿಗೆಮನೆಯ ಮಾತು ಮಾತ್ರ ಮಿಕೋವಾದ್ದೇ.

ಆ ಮಾತಿಗೆ ಹೆಸರೇನು? ಕೇಳಿದರೆ ಹಳ್ಳಿಗರು ‘ಪೊ ನಾಶೊಮು’ ಎನ್ನುತ್ತಾರೆ; ಎಂದರೆ ‘ನಮ್ಮ ರೀತಿಯಲ್ಲಿ’. ಅಕ್ಕಪಕ್ಕದವರಿಗೆ ಇಷ್ಟು ಸಾಕು; ಗಣತಿಯ ಗುಮಾಸ್ತನಿಗೆ ಸಾಲದು. 1950ರ ದಶಕದ ಮೊದಲಲ್ಲಿ ಸರ್ಕಾರ ‘ನೀವು ಉಕ್ರೇನಿಯನ್ನರು’ ಎಂದು ತೀರ್ಪುಕೊಟ್ಟು ಶಾಲೆಗಳಲ್ಲಿ ಉಕ್ರೇನಿಯನ್ ತಂದಿತು. ಅನೇಕ ತಂದೆತಾಯಿಗಳು, ಅದಕ್ಕಿಂತ ಸ್ಲೋವಾಕ್ ವಾಸಿಯೆಂದು ಮಕ್ಕಳನ್ನು ಅತ್ತ ಕಳಿಸಿದರು. ಅವರ ಗ್ರೀಕ್ ಕ್ಯಾಥೊಲಿಕ್ ಚರ್ಚೂ 1950ರಲ್ಲಿ ರದ್ದಾಗಿ, 1968ರವರೆಗೆ ಮುಚ್ಚಿಯೇ ಇತ್ತು. 1989ರ ಬದಲಾವಣೆಯ ನಂತರವೇ ‘ರೂಸಿನ್’ ಎಂಬ ಹೆಸರು ಗಣತಿಯ ಕಾಗದಕ್ಕೆ ಮರಳಿತು. 1991ರಲ್ಲಿ ಸ್ಲೋವಾಕಿಯಾದ 17 ಸಾವಿರ ಮಂದಿ ತಾವು ರೂಸಿನ್ನರೆಂದು ಬರೆಸಿದರು. 2011ರಲ್ಲಿ 33 ಸಾವಿರ. ಇಪ್ಪತ್ತು ವರ್ಷದಲ್ಲಿ ಇಷ್ಟು ಮಕ್ಕಳು ಹುಟ್ಟಿದರೆಂದಲ್ಲ. ಹೇಳಲು ಧೈರ್ಯ ಹುಟ್ಟಿತು. ಈ ನಡುವೆ 1995ರ ಜನವರಿಯಲ್ಲಿ ಬ್ರಾತಿಸ್ಲಾವಾದಲ್ಲಿ, ಅವರ ಭಾಷೆಗೆ ನಿಯತವಾದ ಬರಹರೂಪವೊಂದು ಸಿದ್ಧವಾಗಿದೆಯೆಂದು ವಿಧಿವತ್ತಾಗಿ ಸಾರಲಾಯಿತು.

ಪಾಠ ಹೇಳಿ ಬದುಕುವ ನನಗೆ ಇದು ಸಂತೋಷದ ಸುದ್ದಿಯೇ. ಆದರೆ ಸಂತೋಷದ ಬೆನ್ನಿಗೆ ಒಂದು ಅಳುಕೂ ಇದೆ. ವ್ಯಾಕರಣವಿಲ್ಲದೆ ಆ ಮಾತು ಶತಮಾನಗಳನ್ನು ಕಳೆಯಿತು, ಸಮುದ್ರ ದಾಟಿತು. ಈಗ ವ್ಯಾಕರಣ ಬಂದಿದೆ, ಪಠ್ಯಪುಸ್ತಕ ಬಂದಿದೆ. ಹುಡುಗರೋ ಕೆಲಸ ಹುಡುಕಿ ಪಟ್ಟಣಗಳಿಗೆ ಇಳಿಯುತ್ತಿದ್ದಾರೆ. ತಪ್ಪು ತಿದ್ದುವ ಮೇಷ್ಟರು ಇನ್ನು ಸಿಕ್ಕಾರು. ಆ ಮಾತಿನಲ್ಲೇ ಜೋಗುಳ ಹಾಡಿ, ಆ ಮಾತಿನಲ್ಲೇ ಗದರುವ ಯೂಲಿಯಾನಂಥ ತಾಯಂದಿರು ಎಷ್ಟು ಮಂದಿ ಉಳಿದಾರು?