ಸಣ್ಣ ಉರಿಯ ಬಾಯ್ಲರ್

ಮಂಜೇಶ್ವರ, ಉಪ್ಪಳ ಕಡೆಯ ನಮ್ಮ ಮನೆಗಳಲ್ಲಿ ಚಳಿಗೆಂದು ಯಾರೂ ಹಣ ಖರ್ಚು ಮಾಡುವುದಿಲ್ಲ. ಡಿಸೆಂಬರಿನ ಬೆಳಗಿನ ಜಾವ ಒಂದು ಹೊದಿಕೆ ಹೆಚ್ಚು ಬೇಕಾದರೆ ನಮಗೆ ಅದೇ ದೊಡ್ಡ ಚಳಿ. ಗಲ್ಫಿಗೆ ಹೋದವರಿಗೂ ಎಸಿಯ ಬಿಲ್ ಗೊತ್ತೇ ಹೊರತು ಮನೆ ಬಿಸಿ ಮಾಡುವ ಬಿಲ್ ಗೊತ್ತಿಲ್ಲ. ಈಗ ನಮ್ಮ ಮಕ್ಕಳು, ಸೊಸೆಯಂದಿರು ಓದಲು, ದುಡಿಯಲು ಇಂಗ್ಲೆಂಡಿಗೂ ಹೋಗುತ್ತಿದ್ದಾರೆ. ಚಳಿಗಾಲದಲ್ಲಿ ಅವರ ಕೈ ಕಚ್ಚುವುದು ಗ್ಯಾಸಿನ ಬಿಲ್. ಆ ಗ್ಯಾಸ್ ಉರಿಯುವುದು ಹೆಚ್ಚಾಗಿ ಅಡುಗೆಮನೆಯ ಗೋಡೆಯಲ್ಲಿರುವ ಒಂದು ಬಿಳಿ ಪೆಟ್ಟಿಗೆಯಲ್ಲಿ. ಅದೇ ಕಾಂಬಿ ಬಾಯ್ಲರ್. ಎಂಟು ಚಳಿಗಾಲ ಅದರೊಂದಿಗೆ ಬಾಳಿದ ಮೇಲೆ, ಹೊಸದಾಗಿ ಬರುವವರಿಗೆ ನಾಲ್ಕು ಮಾತು ಹೇಳಿದರೆ ಉಪಯೋಗವಾದೀತು ಎನಿಸಿತು.

ಈ ಪೆಟ್ಟಿಗೆಗೆ ಎರಡು ಕೆಲಸ. ಒಂದು, ಕೋಣೆಗಳಲ್ಲಿರುವ ರೇಡಿಯೇಟರುಗಳಿಗೆ ಬಿಸಿನೀರು ಸುತ್ತಿಸಿ ಮನೆ ಬಿಸಿ ಮಾಡುವುದು. ಇನ್ನೊಂದು, ನಲ್ಲಿಗೆ ಮತ್ತು ಶವರಿಗೆ ಬೇಕಾದಾಗ ಬಿಸಿನೀರು ಕೊಡುವುದು. ಬಿಸಿನೀರು ತುಂಬಿಡುವ ಟ್ಯಾಂಕ್ ಬೇಕಿಲ್ಲ. ನಲ್ಲಿ ತಿರುಗಿಸಿದರೆ ನೀರು ಹರಿಯುವುದನ್ನು ಒಳಗಿನ ಸೆನ್ಸರ್ ತಿಳಿಯುತ್ತದೆ, ಒಂದು ವಾಲ್ವ್ ರೇಡಿಯೇಟರಿನ ದಾರಿಯನ್ನು ತಾತ್ಕಾಲಿಕವಾಗಿ ಮುಚ್ಚುತ್ತದೆ, ಬಿಸಿಯೆಲ್ಲ ನಲ್ಲಿಯ ನೀರಿಗೆ ಹೋಗುತ್ತದೆ. ನಲ್ಲಿ ನಿಲ್ಲಿಸಿದರೆ ಮತ್ತೆ ರೇಡಿಯೇಟರಿಗೆ.

ತೊಡಕು ಇರುವುದು ಈ ಎರಡು ಕೆಲಸಗಳ ಅಳತೆಯಲ್ಲಿ. 10 ಡಿಗ್ರಿಯ ತಣ್ಣೀರನ್ನು ನಿಮಿಷಕ್ಕೆ 10 ಲೀಟರಿನಂತೆ 45 ಡಿಗ್ರಿಗೆ ಏರಿಸಬೇಕಾದರೆ ಸುಮಾರು 24 ಕಿಲೋವ್ಯಾಟ್ ಬೇಕು. ಊರಿನ ಬಚ್ಚಲಿನ 2 ಕಿಲೋವ್ಯಾಟ್ ಗೀಸರುಗಳನ್ನು ಹನ್ನೆರಡು ಸಾಲಾಗಿ ಇಟ್ಟಂತೆ. ಆದರೆ ಸಾಧಾರಣ ಗಾತ್ರದ ಮನೆಯನ್ನು ಬೆಚ್ಚಗೆ ಇಡಲು ಚಳಿಯ ದಿನಕ್ಕೂ 5ರಿಂದ 8 ಕಿಲೋವ್ಯಾಟ್ ಸಾಕು, ಹದ ಚಳಿಗೆ ಅದರ ಅರ್ಧ. ಶವರಿಗಾಗಿ ದೊಡ್ಡ ಬಾಯ್ಲರ್ ಹಾಕುತ್ತಾರೆ, ದಿನವಿಡೀ ಬೇಕಾಗುವುದು ಸಣ್ಣ ಉರಿ.

ಅದಕ್ಕೇ ಈಗಿನ ಬಾಯ್ಲರುಗಳು ಉರಿಯನ್ನು ಏರಿಸಿ ಇಳಿಸಬಲ್ಲವು. ಇದಕ್ಕೆ ಮಾಡ್ಯುಲೇಶನ್ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಉಮ್ಮ ಇದನ್ನು ಒಲೆಯಲ್ಲಿ ಮಾಡುತ್ತಿದ್ದರು. ಅನ್ನ ಕುದಿ ಬಂದ ಮೇಲೆ ಕಟ್ಟಿಗೆಯನ್ನು ಹಿಂದಕ್ಕೆ ಎಳೆಯುವುದು, ಬಿರಿಯಾನಿ ದಮ್ಮಿಗೆ ಇಟ್ಟಾಗ ಬರೀ ಕೆಂಡ ಉಳಿಸುವುದು. ಬಾಯ್ಲರಿನಲ್ಲಿ ಆ ಕೆಲಸ ಫ್ಯಾನಿನದು. ಹೊರಹೋಗುವ ನೀರಿನ ಬಿಸಿಯನ್ನು ಸೆನ್ಸರ್ ಅಳೆಯುತ್ತದೆ. ಬೇಕಾದ ಬಿಸಿ ಹತ್ತಿರವಾದಂತೆ ಫ್ಯಾನ್ ನಿಧಾನವಾಗುತ್ತದೆ, ಗಾಳಿ ಕಡಿಮೆಯಾದಂತೆ ಗ್ಯಾಸೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. 1:10 ಅನುಪಾತದ 30 ಕಿಲೋವ್ಯಾಟ್ ಬಾಯ್ಲರ್ 3ರ ತನಕ ಇಳಿಯಬಲ್ಲದು. 1:5ರದ್ದು 6ಕ್ಕೇ ನಿಲ್ಲುತ್ತದೆ. ಮನೆಗೆ ಅದಕ್ಕಿಂತಲೂ ಕಡಿಮೆ ಸಾಕಾದರೆ ಬಾಯ್ಲರ್ ಆರಿ, ಹೊತ್ತಿ, ಮತ್ತೆ ಆರಿ, ಹೊತ್ತಿ ತೊಂದರೆ ಪಡುತ್ತದೆ. ಗ್ಯಾಸೂ ಪೋಲು, ಯಂತ್ರಕ್ಕೂ ಸವೆತ. ಹಾಗಾಗಿ ಬಾಯ್ಲರ್ ಆರಿಸುವಾಗ ಅದು ಎಷ್ಟು ದೊಡ್ಡದು ಎನ್ನುವುದರ ಜೊತೆ ಎಷ್ಟು ಸಣ್ಣದಾಗಬಲ್ಲದು ಎಂದೂ ಕೇಳಬೇಕು.

ಸಣ್ಣ ಉರಿಗೆ ಇನ್ನೊಂದು ಲಾಭವಿದೆ. ಗ್ಯಾಸ್ ಉರಿದಾಗ ನೀರಾವಿ ಹುಟ್ಟುತ್ತದೆ. ರೇಡಿಯೇಟರಿನಿಂದ ವಾಪಸು ಬರುವ ನೀರು ಸುಮಾರು 55 ಡಿಗ್ರಿಗಿಂತ ತಣ್ಣಗಿದ್ದರೆ ಆ ಆವಿ ಬಾಯ್ಲರಿನೊಳಗೇ ನೀರಾಗಿ, ತನ್ನ ಬಿಸಿಯನ್ನು ಬಿಟ್ಟುಕೊಡುತ್ತದೆ. ಇಲ್ಲವಾದರೆ ಅದು ಹೊಗೆ ಕೊಳವೆಯಲ್ಲಿ ಹೊರಗೆ ಹೋಗಿ ವ್ಯರ್ಥ. ಇಂಥ ಕಂಡೆನ್ಸಿಂಗ್ ಬಾಯ್ಲರುಗಳೇ ಇರಬೇಕು ಎಂದು ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ 2005ರಲ್ಲಿ ನಿಯಮ ಬಂತು. ಆದರೆ ರೇಡಿಯೇಟರಿಗೆ 75, 80 ಡಿಗ್ರಿಯ ನೀರು ಕಳಿಸಿದರೆ ವಾಪಸು ಬರುವ ನೀರೂ ಬಿಸಿಯಾಗಿಯೇ ಇರುತ್ತದೆ, ಆ ಗುಣ ಹೆಚ್ಚು ಕೆಲಸಕ್ಕೆ ಬರುವುದಿಲ್ಲ.

ಎರಡು ವರ್ಷದ ಹಿಂದೆ ಉಮ್ಮ ಮೂರು ತಿಂಗಳಿಗೆಂದು ನಮ್ಮಲ್ಲಿಗೆ ಬಂದಿದ್ದರು. ಬಾಡಿಗೆ ಮನೆ, ಬಾಯ್ಲರ್ ಹಾಕಿದವರು ಇಟ್ಟಿದ್ದ ಅಂಕೆ 75. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಹೀಟಿಂಗ್. ರೇಡಿಯೇಟರ್ ಮುಟ್ಟಿದರೆ ಕೈ ಸುಡುವಷ್ಟು ಬಿಸಿ, ನಿಂತ ಮೇಲೆ ಅರ್ಧ ಗಂಟೆಯಲ್ಲಿ ಕೋಣೆ ತಣ್ಣಗೆ. ಉಮ್ಮನಿಗೆ ಮೊಣಕಾಲು ನೋವು. ಹದಿನೈದನೇ ದಿನಕ್ಕೇ, "ಮಗಳೇ, ಟಿಕೆಟು ಹಿಂದಕ್ಕೆ ಮಾಡಿಸು, ನನಗೆ ಈ ಊರು ಆಗುವುದಿಲ್ಲ" ಎಂದರು. ಹೆರಿಗೆಗೆ ಮೂರು ವಾರವಿತ್ತು ನನಗೆ.

ಅಂದು ರಾತ್ರಿ ಇವರು ಬಾಯ್ಲರಿನ ಪುಸ್ತಕ ಹುಡುಕಿ ಓದಿದರು. ಮುಂಭಾಗದಲ್ಲಿ ಎರಡು ಗುಂಡಿ, ಒಂದರ ಮೇಲೆ ನಲ್ಲಿಯ ಚಿತ್ರ, ಇನ್ನೊಂದರ ಮೇಲೆ ರೇಡಿಯೇಟರಿನ ಚಿತ್ರ. ರೇಡಿಯೇಟರಿನದನ್ನು 55ಕ್ಕೆ ಇಳಿಸಿ, ಹೀಟಿಂಗ್ ಹೊತ್ತನ್ನು ಹೆಚ್ಚಿಸಿದರು. ಮೊದಲ ದಿನ ಮನೆ ಬಿಸಿಯಾಗಲು ತಡವಾಯಿತು. ಎರಡನೇ ದಿನದಿಂದ ಮನೆ ಹಗಲಿಡೀ ಒಂದೇ ಹದದಲ್ಲಿ ನಿಂತಿತು. ಬಾಯ್ಲರಿನ ಹೊತ್ತು ಆರುವ ಸದ್ದು ನಿಂತು, ಸಣ್ಣ ಗುಂಯ್ ಎನ್ನುವ ಸ್ವರ ಮಾತ್ರ ಉಳಿಯಿತು. ಹೀಟಿಂಗ್ ಹೊತ್ತು ದುಪ್ಪಟ್ಟಾದರೂ ಬಿಲ್ ಹೆಚ್ಚುಕಮ್ಮಿ ಮೊದಲಿನಷ್ಟೇ ಬಂತು. ಉಮ್ಮ ಟಿಕೆಟಿನ ಮಾತು ಎತ್ತಲಿಲ್ಲ. ಮಗುವಿನ ನಲ್ವತ್ತು ಕಳೆದ ಮೇಲೆಯೇ ಊರಿಗೆ ಹೋದರು.

ಕೆಲವು ಎಚ್ಚರಿಕೆಗಳಿವೆ. ಬಿಸಿನೀರು ತುಂಬಿಡುವ ಸಿಲಿಂಡರ್ ಇರುವ ಮನೆಯಲ್ಲಿ ಹೀಗೆ ಇಳಿಸಬಾರದು. ಸಿಲಿಂಡರಿನ ನೀರು 60 ಡಿಗ್ರಿಗೆ ಏರದಿದ್ದರೆ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯಬಹುದು. ತುಂಬಾ ಚಳಿಯಾಗಿ ಕೋಣೆ ಬಿಸಿಯಾಗದಿದ್ದರೆ ಅಂಕೆಯನ್ನು ಐದೈದು ಡಿಗ್ರಿ ಏರಿಸಿ. ಬೆಳಗಿನ ವುಝೂವಿಗೆ ನಲ್ಲಿಯನ್ನು ತೀರಾ ಸಣ್ಣಗೆ ಬಿಟ್ಟರೆ ಬಾಯ್ಲರ್ ಹೊತ್ತುವುದೇ ಇಲ್ಲ, ಸ್ವಲ್ಪ ಹರಿಯಲು ಬಿಡಬೇಕು. ಹೊರಗಿನ ಸಣ್ಣ ಪ್ಲಾಸ್ಟಿಕ್ ಕೊಳವೆ ಹಿಮಗಟ್ಟಿ ಬಾಯ್ಲರ್ ನಿಂತರೆ ಅದರ ಮೇಲೆ ಬೆಚ್ಚಗಿನ ನೀರು ಸುರಿಯಿರಿ, ಕುದಿಯುವ ನೀರು ಬೇಡ. ಪೆಟ್ಟಿಗೆಯ ಮುಚ್ಚಳ ಮಾತ್ರ ನೀವು ತೆಗೆಯಬೇಡಿ. ಅದು ಗ್ಯಾಸ್ ಸೇಫ್ ರಿಜಿಸ್ಟರಿನಲ್ಲಿ ಹೆಸರಿರುವವರ ಕೆಲಸ. ಬಾಡಿಗೆ ಮನೆಯಾದರೆ ವರ್ಷಕ್ಕೊಮ್ಮೆ ಗ್ಯಾಸ್ ತಪಾಸಣೆ ಮಾಡಿಸುವುದು ಮನೆಯೊಡೆಯರ ಹೊಣೆ, ಕೇಳಿ ಪಡೆಯಿರಿ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಇದೆಯೇ ನೋಡಿ, ವಾಸನೆಯಿಲ್ಲದ ಆ ವಿಷ ನಿದ್ದೆಯಲ್ಲೇ ಜೀವ ತೆಗೆಯುತ್ತದೆ.

ಮಕ್ಕಳನ್ನು ಇಂಗ್ಲೆಂಡಿಗೆ ಕಳಿಸುವಾಗ ಉಪ್ಪಿನಕಾಯಿ, ಸ್ವೆಟರ್ ಎಲ್ಲ ಕಟ್ಟಿ ಕೊಡುತ್ತೇವೆ. ಜೊತೆಗೆ ಇದೊಂದು ಮಾತನ್ನೂ ಹೇಳಿ ಕಳಿಸಿ: ಮನೆ ಸೇರಿದ ವಾರದಲ್ಲೇ ರೇಡಿಯೇಟರ್ ಚಿತ್ರದ ಗುಂಡಿ ಎಷ್ಟರಲ್ಲಿದೆ ಎಂದು ನೋಡಲಿ.