ಬೆರಳ ತುದಿಯ ಸಾಕ್ಷಿ

ಮಾಕಳಿದುರ್ಗದ ಬೆಟ್ಟದ ತಪ್ಪಲಲ್ಲಿ ಒಕ್ಕಲಿನವನ ಕಾಲಿಗೆ ಮುಳ್ಳು ನೆಡುವುದೇನೂ ಹೊಸತಲ್ಲ. ಗಾಯದ ನಂಜು ರಕ್ತಕ್ಕೇರಿ, ದೇಹವು ಅದರೊಡನೆ ಹೋರಾಡುತ್ತ ತನ್ನನ್ನೇ ಘಾಸಿಗೊಳಿಸಿಕೊಂಡಾಗ ಮಾತ್ರ ಅನರ್ಥವೊದಗುವುದು. ಧಮನಿಗಳು ಸಡಿಲಗೊಳ್ಳುವುವು, ರಕ್ತದ ದ್ರವಭಾಗವು ಸೂಕ್ಷ್ಮನಾಳಗಳಿಂದ ಸೋರುವುದು, ಒತ್ತಡವು ಕುಸಿದು ಮೆದುಳು, ಮೂತ್ರಪಿಂಡಗಳು ಸೊರಗುವುವು. ಇದನ್ನೇ ವೈದ್ಯರು ‘ಸೆಪ್ಟಿಕ್ ಶಾಕ್’ ಎನ್ನುವರು.

ಅಂಥವನಿಗೆ ಮೊದಲ ಗಂಟೆಯೊಳಗೇ ಆ್ಯಂಟಿಬಯೋಟಿಕ್ ಕೊಟ್ಟು, ಸಿರೆಯೊಳಗೆ ಲವಣಜಲವನ್ನು ಹರಿಸುವರು. ಅದೂ ಸಾಲದಿದ್ದರೆ ನಾರ್‌ಅಡ್ರಿನಲಿನ್. ಇದು ನಮ್ಮ ನರಗಳ ತುದಿಯಲ್ಲಿಯೇ ಒಸರುವ ರಸವೆಂದು 1946ರಲ್ಲಿ ಸ್ವೀಡನ್ ದೇಶದ ಉಲ್ಫ್ ಫಾನ್ ಆಯ್ಲರ್ ತೋರಿಸಿಕೊಟ್ಟನು. ಸಡಿಲಿದ ನಾಳಗಳನ್ನು ಬಿಗಿದು, ಸರಾಸರಿ ಒತ್ತಡವನ್ನು ಪಾದರಸದ 65 ಮಿಲಿಮೀಟರಿಗೆ ಏರಿಸುವುದು ಇದರ ಕೆಲಸ.

ಆದರೆ ಬಿಗಿತವು ಮಿತಿಮೀರಿದರೆ? ಮಾಪಕದ ಅಂಕೆ ಸರಿಯಾಗಿದ್ದರೂ ಬೆರಳುಗಳು ತಣ್ಣಗಾಗುವುವು. ಕೆಲವೊಮ್ಮೆ ಕಪ್ಪಿಟ್ಟು, ಕತ್ತರಿಸಬೇಕಾಗುವುದೂ ಉಂಟು. ಕೆರೆಯ ತೂಬಿನಲ್ಲಿ ನೀರು ಭೋರ್ಗರೆದ ಮಾತ್ರಕ್ಕೆ ಕಡೆಯ ಗದ್ದೆ ನೆನೆಯಿತೆಂದು ಯಾವ ನೀರುಗಂಟಿ ನಂಬುವನು? ಆದುದರಿಂದಲೇ ಬೆರಳ ತುದಿಯನ್ನು 10 ಸೆಕೆಂಡು ಒತ್ತಿ ಬಿಟ್ಟು, ಕೆಂಪು ಮರಳಲು 3 ಸೆಕೆಂಡಿಗೆ ಮೀರಿತೆ ಎಂದು ನೋಡುವರು. ದಕ್ಷಿಣ ಅಮೆರಿಕದ ಐದು ದೇಶಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 424 ರೋಗಿಗಳ ಪೈಕಿ ಅರ್ಧದಷ್ಟು ಮಂದಿಯ ಚಿಕಿತ್ಸೆಯನ್ನು ಈ ಸರಳ ಪರೀಕ್ಷೆಯಿಂದಲೇ ನಡೆಸಿದರು. ನಾಡಿ ಹಿಡಿಯುತ್ತಿದ್ದ ನಮ್ಮ ಹಳೆಯ ಪಂಡಿತರು ಕೇಳಿದ್ದರೆ ಮುಗುಳ್ನಕ್ಕಾರು!

ಒತ್ತಡವು ತಾನಾಗಿ ನಿಲ್ಲತೊಡಗಿದಂತೆ ಔಷಧವನ್ನು ಸ್ವಲ್ಪಸ್ವಲ್ಪವಾಗಿ ಇಳಿಸುವರು. ಮಂಚದ ಬಳಿ ಕುಳಿತ ಮನೆಯಾಕೆ ಗಳಿಗೆಗೊಮ್ಮೆ ಅವನ ಪಾದವನ್ನು ಮುಟ್ಟಿ ನೋಡುವಳು.