ಕಂಬಳಿ ಹೊದ್ದ ಹಾಡು

ಹೈದರಾಬಾದಿನಲ್ಲೇ ಬೆಳೆದ ಕನ್ನಡದ ಎಳೆಯರೇ, ಒಮ್ಮೆ ಬಷೀರ್‌ಬಾಗಿನ ನಿಜಾಮ್ ಕಾಲೇಜು ಮೈದಾನದ ಬಳಿ ನಿಂತು ನೋಡಿ. ಅಜ್ಞಾತವಾಸ ಮುಗಿಸಿ ಬಂದ ಗದ್ದರ್ 1990ರಲ್ಲಿ ಇಲ್ಲಿ ಹಾಡಿದಾಗ ಜನಸಾಗರವೇ ನೆರೆದಿತ್ತು. ಹೆಗಲಿಗೆ ಕಂಬಳಿ, ಕೈಯಲ್ಲಿ ಕೋಲು, ಕಾಲಿಗೆ ಗೆಜ್ಜೆ. 1979ರ 'ಮಾ ಭೂಮಿ' ಚಿತ್ರದಲ್ಲಿ ಯಾದಗಿರಿಯವರ ಹಾಡನ್ನು ತಾವೇ ತೆರೆಯ ಮೇಲೆ ಬಂದು ಹಾಡಿದರು. ಸ್ವಂತ ಹಾಡುಗಳು ಕ್ಯಾಸೆಟ್ಟುಗಳಲ್ಲಿ ಹಳ್ಳಿಹಳ್ಳಿ ಸುತ್ತಿದವು. 'ಒರೇಯ್ ರಿಕ್ಷಾ' ಚಿತ್ರದ ಹಾಡಿಗೆ ಬಂದ ನಂದಿ ಪ್ರಶಸ್ತಿಯನ್ನು ಒಲ್ಲೆನೆಂದರು. 2023ರ ಆಗಸ್ಟ್ 6ರಂದು ತೀರಿಕೊಂಡು, ಅಲ್ವಾಲ್‌ನಲ್ಲಿ ತಾವೇ ಕಟ್ಟಿದ ಶಾಲೆಯ ಆವರಣದಲ್ಲಿ ಮಣ್ಣಾದರು. ಅಲ್ಲಿಗೂ ಹೋಗಿಬನ್ನಿ.

ಅವರು ಹಾಡಿದ್ದು ಪುಸ್ತಕದ ತೆಲುಗಿನಲ್ಲಲ್ಲ, ತೆಲಂಗಾಣದ ಹೊಲಗದ್ದೆಯ ಮಾತಿನಲ್ಲಿ. ನಿಮ್ಮಜ್ಜಿಯ ಬೀದರ್ ಕನ್ನಡಕ್ಕೆ, ಕಲಬುರ್ಗಿ ಕನ್ನಡಕ್ಕೆ ನಗುವ ಮುನ್ನ ಆ ಹಾಡುಗಳನ್ನೊಮ್ಮೆ ಕೇಳಿ. ಆಮೇಲೆ ಅಜ್ಜಿಗೊಂದು ಹಾಡು ಹೇಳೆನ್ನಿ.